ಕೋಡ್ ಅದೇ, ಬಣ್ಣ ಬೇರೆ

ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಆರ್32 ತಲೆಮಾರು ಹೊರಬಂದದ್ದು 1989ರಲ್ಲಿ. ಆ ಕಾರು ಅಂದ ಕೂಡಲೇ ಕಣ್ಣ ಮುಂದೆ ಬರುವುದು ಅದರ ಬೂದು ಬಣ್ಣ. ಹೆಸರು ಗನ್ ಗ್ರೇ ಮೆಟಾಲಿಕ್, ಕಂಪನಿಯ ಕೋಡ್ ಕೆಎಚ್2. ನೆರಳಿನಲ್ಲಿ ನಿಂತರೆ ಕಪ್ಪಿಗೆ ತಿರುಗುತ್ತದೆ, ಬಿಸಿಲಿಗೆ ಬಂದರೆ ಚಕ್ರದ ಮೇಲಿನ ಉಬ್ಬಿನ ಗುಂಟ ಬೆಳಕು ತೆಳುವಾಗಿ ಹರಿಯುತ್ತದೆ. ಇದೇ ಕಾರಿನ 1:24 ಅಳತೆಯ, ಅಂದರೆ ಇಪ್ಪತ್ತನಾಲ್ಕನೇ ಒಂದು ಭಾಗದಷ್ಟಿರುವ ಪ್ಲಾಸ್ಟಿಕ್ ಮಾಡೆಲ್ ಕಟ್ಟುವ ಟಮಿಯಾ ಕಂಪನಿಯ ಕಿಟ್ ತಂದವರಿಗೆ ಒಂದು ಯೋಚನೆ ಬಂದೇ ಬರುತ್ತದೆ. ಕೋಡ್ ಗೊತ್ತಿದೆ. ಆಟೋ ಪೇಂಟ್ ಅಂಗಡಿಗೆ ಹೋಗಿ ಕೆಎಚ್2 ಕಲಸಿಸಿ ಸ್ಪ್ರೇ ಡಬ್ಬಿಗೆ ತುಂಬಿಸಿಕೊಂಡು ಬಂದರೆ ಅಸಲಿ ಕಾರಿನ ಬಣ್ಣವೇ ಸಿಕ್ಕಿತಲ್ಲ?

ಸಿಗುತ್ತದೆ. ಆದರೆ ಹೊಡೆದು, ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದರೆ ಕಾಣುವುದು ಆ ಕಾರಲ್ಲ. ಬೂದು ಇದೆ, ಆದರೆ ಅದರ ತುಂಬ ಚುಕ್ಕಿ ಚುಕ್ಕಿಯಾಗಿ ಮಿನುಗು. ಕಾರಣ ಸರಳ ಲೆಕ್ಕದ್ದು. ಮೆಟಾಲಿಕ್ ಬಣ್ಣದೊಳಗೆ ಇರುವುದು ಅಲ್ಯೂಮಿನಿಯಂನ ಸಣ್ಣ ಹರಳುಗಳು. ಒಂದೊಂದೂ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ ಅಗಲ ಅಂತಿಟ್ಟುಕೊಳ್ಳಿ. ನಾಲ್ಕೂವರೆ ಮೀಟರ್ ಉದ್ದದ ಕಾರಿನ ಮೇಲೆ ಅದು ಕಣ್ಣಿಗೆ ಬೀಳದಷ್ಟು ಚಿಕ್ಕದು, ಎಲ್ಲ ಸೇರಿ ಒಂದೇ ಹೊಳಪಾಗುತ್ತದೆ. ಹತ್ತೊಂಬತ್ತು ಸೆಂಟಿಮೀಟರ್ ಕಾರಿನ ಮೇಲೆ ಅದೇ ಹರಳು ಇಪ್ಪತ್ತನಾಲ್ಕು ಪಟ್ಟು ದೊಡ್ಡದಾದಂತೆ. ಅಸಲಿ ಕಾರಿನ ಲೆಕ್ಕದಲ್ಲಿ ಹೇಳುವುದಾದರೆ ಹರಳೊಂದು ಅರ್ಧ ಮಿಲಿಮೀಟರ್. ಬಾನೆಟ್ ತುಂಬ ಅರ್ಧ ಮಿಲಿಮೀಟರ್ ಹರಳು ಮೆತ್ತಿದ ಕಾರನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಅಸಲಿ ಕಾರಿಗೆ ಹಾಕಿದ್ದ ಬಣ್ಣವನ್ನೇ ಹಾಕಬೇಕು, ಇಲ್ಲದಿದ್ದರೆ ಅದು ಆ ಕಾರೇ ಅಲ್ಲ ಎನ್ನುವವರು ನಮ್ಮ ಹವ್ಯಾಸದಲ್ಲಿ ತುಂಬ ಜನ ಇದ್ದಾರೆ. ಆ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ, ಆದರೆ ಒಪ್ಪಿಗೆಯಿಲ್ಲ. ಮೇಜಿನ ಮೇಲಿನ ಮಾಡೆಲನ್ನು ನಾವು ಒಂದಡಿ ದೂರದಿಂದ ನೋಡುತ್ತೇವೆ. ಅದು ಇಪ್ಪತ್ತನಾಲ್ಕು ಅಡಿ ಆಚೆ ನಿಂತ ಕಾರನ್ನು ನೋಡಿದ ಹಾಗೆ. ಅಷ್ಟು ದೂರದಿಂದ ಕಾರು ಹೇಗೆ ಕಾಣುತ್ತದೋ ಆ ನೋಟ ಮಾಡೆಲ್ ಮೇಲೆ ಬರಬೇಕು. ಅದಕ್ಕೆ ಯಾವ ಡಬ್ಬಿ ಒದಗುತ್ತದೋ ಅದೇ ಸರಿಯಾದ ಡಬ್ಬಿ. ಕೋಡ್ ಹುಡುಕಾಟದ ಮೊದಲ ಮೆಟ್ಟಿಲಷ್ಟೆ.

ಹಾಗಾದರೆ ಗ್ಯಾರೇಜಿನ ಬಣ್ಣದ ಗೊಡವೆಯೇ ಯಾಕೆ, ಮಾಡೆಲ್‌ಗೆಂದೇ ಮಾಡಿದ ಬಣ್ಣ ತಂದರಾಯಿತಲ್ಲ ಎಂದು ಕೇಳಬಹುದು. ಟಮಿಯಾ ಕಂಪನಿಯ ಟಿಎಸ್ ಸಾಲಿನ ಸ್ಪ್ರೇಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆಂದೇ ತಯಾರಾದವು, ಸೊಗಸಾಗಿ ಕೂರುತ್ತವೆ. ತೊಡಕು ಅವನ್ನು ಇಲ್ಲಿಗೆ ತರುವುದರಲ್ಲಿದೆ. ಸ್ಪ್ರೇ ಡಬ್ಬಿಯೊಳಗೆ ಬೆಂಕಿ ಹತ್ತುವ ಅನಿಲ ಇರುತ್ತದೆ, ಹಾಗಾಗಿ ಅದು ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಮಾಮೂಲಿ ಅಂಚೆ ಪಾರ್ಸೆಲ್ಲಿನಲ್ಲಿ ವಿಮಾನ ಹತ್ತಿಸುವಂತಿಲ್ಲ. ಜಪಾನಿನಿಂದ ಬರುವ ಸ್ನೇಹಿತರ ಸೂಟ್‌ಕೇಸಿನಲ್ಲೂ ಇಡುವಂತಿಲ್ಲ. ಇಲ್ಲಿನ ಹವ್ಯಾಸಿ ಅಂಗಡಿಗಳಿಗೆ ಬಂದಾಗ ಕೊಳ್ಳಬೇಕು, ಬಂದದ್ದರಲ್ಲೇ ಆರಿಸಬೇಕು. ಡಬ್ಬಿಯಲ್ಲಿ ಇರುವುದೂ 100 ಮಿಲಿ ಮಾತ್ರ. ಆಟೋ ಸ್ಪ್ರೇ ಡಬ್ಬಿ ಅದರ ನಾಲ್ಕರಷ್ಟು ಇರುತ್ತದೆ, ಬೆಲೆಯೂ ಕಡಿಮೆ, ಊರೂರಿನಲ್ಲಿ ಸಿಗುತ್ತದೆ.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಬಿಡಿಭಾಗ, ಸೀಟ್ ಕವರ್, ಹಾರ್ನ್ ಎಲ್ಲ ಸಿಗುವ ಆ ಸಾಲಿನಲ್ಲೇ ಬಣ್ಣವೂ ಸಿಗುತ್ತದೆ. ಅಬ್ರೋ, ಬಾಸ್ನಿ, ಸಮುರಾಯ್, ಕಾಂ-ಪೇಂಟ್ ಹೀಗೆ ಹಲವು ಹೆಸರಿನ ಡಬ್ಬಿಗಳು. ಇಂಥ ಅಂಗಡಿಗಳಲ್ಲಿ ಬಣ್ಣ ಕಲಸಿಕೊಡಿ ಅಂದರೆ ಮೊದಲು ಬರುವ ಪ್ರಶ್ನೆ, "ಎನ್‌ಸಿ ಬೇಕಾ ಸಾರ್, ಪಿಯು ಬೇಕಾ?" ಯಾವ ಬಣ್ಣ ಎಂಬ ಮಾತು ಆಮೇಲೆ. ಮಾಡೆಲ್ ಕಟ್ಟುವವರು ಕಲಿಯಬೇಕಾದ ಕ್ರಮವೂ ಇದೇ. ಮುಚ್ಚಳದ ಬಣ್ಣ ನೋಡುವ ಮೊದಲು ಒಳಗಿರುವುದು ಯಾವ ಜಾತಿಯ ಪೇಂಟ್ ಎಂದು ತಿಳಿದುಕೊಳ್ಳಬೇಕು.

ಪಿಯು ಅಂದರೆ ಪಾಲಿಯುರೆಥೇನ್, ಅದರ ಮಾತು ಆಮೇಲೆ. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಕಾರಿನ ಲೋಕಕ್ಕೆ ಇದು ಬಂದದ್ದು 1923ರಲ್ಲಿ, ಅಮೆರಿಕದ ಓಕ್‌ಲ್ಯಾಂಡ್ ಕಾರುಗಳ ಮೇಲೆ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಬಣ್ಣವಾಗಿ. ಅಲ್ಲಿಯವರೆಗೆ ಕಾರಿಗೆ ವಾರ್ನಿಷ್ ಬಳಿದು ವಾರಗಟ್ಟಲೆ ಒಣಗಿಸಬೇಕಿತ್ತು. ನಮ್ಮ ಮರಗೆಲಸದವರು ಇವತ್ತಿಗೂ ಕಪಾಟಿಗೆ ಹೊಡೆಯುವ ಹೊಳಪಿನ ಬಣ್ಣಕ್ಕೆ ಡ್ಯೂಕೋ ಎಂದೇ ಅನ್ನುತ್ತಾರೆ. ಲ್ಯಾಕರ್ ಒಣಗುವುದೆಂದರೆ ಅದರೊಳಗಿನ ತಿನ್ನರ್ ಹಾರಿಹೋಗುವುದು, ಅಷ್ಟೆ. ಒಳಗೆ ಬೇರೆ ರಾಸಾಯನಿಕ ಕ್ರಿಯೆ ನಡೆಯುವುದಿಲ್ಲ. ಹಾಗಾಗಿ ಎರಡನೇ ಕೋಟ್ ಹೊಡೆದಾಗ ಮೊದಲನೆಯದರ ಮೇಲ್ಮೈ ಸ್ವಲ್ಪ ಕರಗಿ ಎರಡೂ ಒಂದಾಗುತ್ತವೆ. ಧೂಳು ಕೂತರೆ ಉಜ್ಜಿ ಮತ್ತೆ ಹೊಡೆಯಬಹುದು, ತೇಪೆ ಕಾಣುವುದಿಲ್ಲ. ಈಗ ಡಬ್ಬಿಗಳಲ್ಲಿ ಹೆಚ್ಚಾಗಿ ಸಿಗುವ ಅಕ್ರಿಲಿಕ್ ಲ್ಯಾಕರ್ ಕೂಡ ಇದೇ ರೀತಿಯದು. ಟಮಿಯಾದ ಟಿಎಸ್ ಕೂಡ ಲ್ಯಾಕರ್ರೇ, ತಿನ್ನರ್ ಮಾತ್ರ ಸೌಮ್ಯ.

ಎನಾಮೆಲ್ ಹಾಗಲ್ಲ. ಅದು ತಿನ್ನರ್ ಹಾರಿಹೋದ ಮೇಲೂ ಗಾಳಿಯ ಆಮ್ಲಜನಕ ಹೀರಿಕೊಂಡು ದಿನಗಟ್ಟಲೆ ಗಟ್ಟಿಯಾಗುತ್ತಿರುತ್ತದೆ. ಮೇಲೆ ಕೆನೆ ಕಟ್ಟಿ ಒಳಗಿನ್ನೂ ಮೆತ್ತಗಿರುವಾಗ ಲ್ಯಾಕರ್ ಹೊಡೆದರೆ ಕೆನೆ ಉಬ್ಬಿ ಸುಕ್ಕಾಗುತ್ತದೆ. ಲ್ಯಾಕರ್ ಮೇಲೆ ಎನಾಮೆಲ್ ನಡೆಯುತ್ತದೆ, ಎನಾಮೆಲ್ ಮೇಲೆ ಲ್ಯಾಕರ್ ನಡೆಯುವುದಿಲ್ಲ. ಗ್ಯಾರೇಜಿನ ಪೇಂಟರುಗಳಿಗೆ ಇದು ಕೈಯಲ್ಲೇ ಕೂತ ವಿದ್ಯೆ. ನಾವು ಡಬ್ಬಿ ಓದಿ ತಿಳಿಯಬೇಕು. ಕೆಲವು ಡಬ್ಬಿಗಳಲ್ಲಿ ಜಾತಿ ಬರೆದೇ ಇರುವುದಿಲ್ಲ, ಒಣಗುವ ಸಮಯ ಮಾತ್ರ ಇರುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಮುಟ್ಟಬಹುದು ಎಂದಿದ್ದರೆ ಬಹುಮಟ್ಟಿಗೆ ಲ್ಯಾಕರ್. ಗಂಟೆಗಟ್ಟಲೆ ಬೇಕು, ಇಷ್ಟು ಹೊತ್ತಿನೊಳಗೆ ಮುಂದಿನ ಕೋಟ್ ಹೊಡೆಯಿರಿ ಇಲ್ಲವೇ ಒಂದೆರಡು ದಿನ ಬಿಟ್ಟು ಹೊಡೆಯಿರಿ ಎಂದಿದ್ದರೆ ಎನಾಮೆಲ್. ಮಾಡೆಲ್ ಬಾಡಿಗೆ ನಾನು ಎನಾಮೆಲ್ ಸ್ಪ್ರೇ ತರುವುದಿಲ್ಲ. ಪದರ ದಪ್ಪ, ಅದು ಒಣಗುವಷ್ಟರಲ್ಲಿ ಮನೆಯ ಧೂಳೆಲ್ಲ ಬಂದು ಕೂತಿರುತ್ತದೆ.

ಲ್ಯಾಕರ್ ತಂದರೂ ಗೆದ್ದಂತಲ್ಲ. ಆಟೋ ಲ್ಯಾಕರ್ ತಯಾರಾದದ್ದು ತಗಡಿಗೆ. ಅದರೊಳಗಿನ ಅಸಿಟೋನ್, ಟಾಲ್ವೀನ್‌ನಂಥ ದ್ರವಗಳಿಗೆ ತಗಡು ಜಗ್ಗುವುದಿಲ್ಲ, ಪಾಲಿಸ್ಟೈರೀನ್ ಕರಗುತ್ತದೆ. ಬರಿಯ ಪ್ಲಾಸ್ಟಿಕ್ ಮೇಲೆ ಒದ್ದೆಯಾಗಿ ಹೊಡೆದರೆ ಸೂಕ್ಷ್ಮ ಬಿರುಕುಗಳ ಬಲೆ ಏಳುತ್ತದೆ, ಬಾಗಿಲ ಹಿಡಿಯ ಅಂಚು ಮೊಂಡಾಗುತ್ತದೆ, ಅಚ್ಚಿನಲ್ಲಿ ಮೂಡಿದ ಅಕ್ಷರ ಅಳಿಸುತ್ತದೆ. ಅದಕ್ಕೇ ನಡುವೆ ಒಂದು ತಡೆ ಬೇಕು, ಅದೇ ಪ್ರೈಮರ್. ಪ್ರೈಮರ್ ವಿಷಯದಲ್ಲಿ ನಾನು ಖರ್ಚಿಗೆ ಹಿಂದೆ ಮುಂದೆ ನೋಡುವುದಿಲ್ಲ. ಟಮಿಯಾದ ಫೈನ್ ಸರ್ಫೇಸ್ ಪ್ರೈಮರ್ ಅಥವಾ ಮಿಸ್ಟರ್ ಸರ್ಫೇಸರ್ 1000, 1500 ಇವುಗಳನ್ನೇ ಬಳಸುತ್ತೇನೆ. ಬಣ್ಣ ಗ್ಯಾರೇಜಿನದಾದರೂ ಪ್ಲಾಸ್ಟಿಕ್ ಮುಟ್ಟುವ ಪದರ ಮಾತ್ರ ಮಾಡೆಲ್‌ನದೇ ಇರಲಿ. ಕಾರಿಗೆ ಬಳಿಯುವ ಪ್ರೈಮರ್ ಸರ್ಫೇಸರ್ ಗೀರು ತುಂಬಲಿ ಎಂದೇ ದಪ್ಪಗೆ ಮಾಡಿದ್ದು. ನಮಗೆ ಬೇಕಾದ ಗೆರೆಗಳನ್ನೂ ಅದು ತುಂಬಿಬಿಡುತ್ತದೆ.

ಪ್ರೈಮರ್ ಚೆನ್ನಾಗಿ ಒಣಗಿದ ಮೇಲೂ ಮೊದಲ ಒಂದೆರಡು ಕೋಟ್ ಮಂಜು ಕೂತಷ್ಟೇ ಇರಬೇಕು. ಒಂದಡಿ ದೂರದಿಂದ, ಕೈ ನಿಲ್ಲಿಸದೆ, ಪ್ರೈಮರಿನ ಬೂದು ಇನ್ನೂ ಕಾಣುತ್ತಿರುವಂತೆ. ಹೊರಟ ಬಣ್ಣ ಬಾಡಿ ತಲುಪುವಷ್ಟರಲ್ಲಿ ಅರ್ಧ ತಿನ್ನರ್ ಗಾಳಿಗೆ ಹೋಗಿರುತ್ತದೆ, ಕೊರೆಯಲು ಬಲ ಉಳಿದಿರುವುದಿಲ್ಲ. ಆಮೇಲಿನ ಕೋಟ್ ಒದ್ದೆಯಾಗಿ ಹೊಡೆದರೂ ತಡೆದುಕೊಳ್ಳುತ್ತದೆ. ಹೊಸ ಡಬ್ಬಿಯನ್ನು ನೇರ ಬಾಡಿಯ ಮೇಲೆ ಪರೀಕ್ಷಿಸುವ ಧೈರ್ಯ ಬೇಡ. ಮೊದಲೆಲ್ಲ ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡುತ್ತಿದ್ದೆವು. 2022ರ ಜುಲೈನಿಂದ ಅವುಗಳಿಗೆ ನಿಷೇಧ ಬಂತು, ಒಳ್ಳೆಯದೇ ಆಯಿತು. ಕಿಟ್‌ನಲ್ಲೇ ಬೇಡದ ಭಾಗಗಳು ಎಷ್ಟೋ ಉಳಿಯುತ್ತವೆ: ಹಾಕದೆ ಬಿಟ್ಟ ಸ್ಪಾಯ್ಲರ್, ಇನ್ನೊಂದು ಆವೃತ್ತಿಯ ಬಂಪರ್. ಅವು ಬಾಡಿಯ ಪ್ಲಾಸ್ಟಿಕ್ಕೇ ಆಗಿರುವುದರಿಂದ ಪರೀಕ್ಷೆ ಚಮಚಕ್ಕಿಂತ ನಂಬಿಕೆಗೆ ಅರ್ಹ.

ಹರಳಿನ ದಪ್ಪದಷ್ಟೇ ಮುಖ್ಯವಾದದ್ದು ಪದರದ ದಪ್ಪ. ಕಾರ್ಖಾನೆಯಿಂದ ಬರುವ ಕಾರಿನ ಮೇಲೆ ಪ್ರೈಮರಿನಿಂದ ಹಿಡಿದು ಮೇಲಿನ ಪಾರದರ್ಶಕ ಹೊಳಪಿನ ಪದರವಾದ ಕ್ಲಿಯರ್ ಕೋಟ್‌ವರೆಗೆ ಎಲ್ಲ ಸೇರಿ ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಪೇಂಟ್ ಇರುತ್ತದೆ. ಅಷ್ಟನ್ನೇ 1:24 ಮಾಡೆಲ್ ಮೇಲೆ ಹೊಡೆದರೆ ಕಾರಿಗೆ ಎರಡೂವರೆ ಮಿಲಿಮೀಟರ್ ದಪ್ಪ ಬಣ್ಣ ಬಳಿದಂತೆ. ಬಾಗಿಲಿಗೂ ಬಾಡಿಗೂ ನಡುವಿನ ಸಂದು ಅಸಲಿ ಕಾರಿನಲ್ಲಿ ನಾಲ್ಕು ಮಿಲಿಮೀಟರ್ ಅಂದುಕೊಂಡರೆ ಮಾಡೆಲ್‌ನಲ್ಲಿ ಅದು 0.17 ಮಿಲಿಮೀಟರ್. ಕಿಟ್ ಮಾಡುವವರು ಗೆರೆಯನ್ನು ಸ್ವಲ್ಪ ಅಗಲವಾಗಿಯೇ ಕೆತ್ತಿರುತ್ತಾರೆ, ಆದರೂ ಎರಡೂ ಅಂಚಿನಿಂದ ಬಣ್ಣ ಒಳಕ್ಕಿಳಿದರೆ ಉಳಿಯುವುದು ಮಸುಕಾದ ತಗ್ಗು. ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಯೇ ಹೊರಟುಹೋಗುತ್ತದೆ. ಬಣ್ಣ ಹಾಕುವ ಮೊದಲೇ ಪ್ಯಾನಲ್ ಗೆರೆಗಳನ್ನು ಸ್ಕ್ರೈಬರ್ ಎಂಬ ಚೂಪು ಮೊನೆಯ ಉಪಕರಣದಿಂದ ಆಳ ಮಾಡಿಕೊಳ್ಳಬೇಕಾದ್ದು ಇದಕ್ಕೇ. ಆಟೋ ಡಬ್ಬಿಯ ನಾಜಲ್ ಬಾನೆಟ್, ಬಾಗಿಲಿನಷ್ಟು ದೊಡ್ಡ ಜಾಗಕ್ಕೆ ಮಾಡಿದ್ದು. ಒಂದು ಸೆಕೆಂಡ್ ಒತ್ತಿದರೆ ನಮ್ಮ ಕಾರಿಗೆ ಆಗಿ ಮಿಕ್ಕುವಷ್ಟು ಬಣ್ಣ ಸುರಿಯುತ್ತದೆ.

ಇದಕ್ಕೆ ನಾನು ಕಂಡುಕೊಂಡ ಅತಿ ಒಳ್ಳೆಯ ದಾರಿ, ಬಣ್ಣವನ್ನು ಡಬ್ಬಿಯಿಂದ ಗಾಜಿನ ಸೀಸೆಗೆ ಇಳಿಸಿ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಏರ್‌ಬ್ರಷ್‌ನಲ್ಲಿ ಹೊಡೆಯುವುದು. ನಾಜಲ್‌ಗೆ ಜ್ಯೂಸ್ ಕುಡಿಯುವ ಸ್ಟ್ರಾ ಸಿಕ್ಕಿಸಿ, ಅದರ ತುದಿ ಸೀಸೆಯ ಒಳಗೋಡೆಗೆ ತಾಗುವಂತೆ ಹಿಡಿದು, ಸ್ವಲ್ಪ ಸ್ವಲ್ಪವೇ ಒತ್ತಬೇಕು. ಸೀಸೆ ಕೈಯಲ್ಲೇ ತಣ್ಣಗಾಗುತ್ತಾ ಬರುತ್ತದೆ, ದ್ರವವಾಗಿದ್ದ ಅನಿಲ ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ. ಬಣ್ಣದಲ್ಲಿ ಸೋಡಾದ ಹಾಗೆ ಗುಳ್ಳೆ ಏಳುತ್ತಿರುತ್ತದೆ. ಆಗ ಮುಚ್ಚಳ ಬಿಗಿದರೆ ಸೀಸೆ ಒಡೆಯಬಹುದು. ಸಡಿಲವಾಗಿ ಮುಚ್ಚಿ, ಗಾಳಿಯಾಡುವ ಕಡೆ, ಒಲೆ ದೀಪಗಳಿಂದ ದೂರ, ಒಂದು ರಾತ್ರಿ ಬಿಡಬೇಕು. ಮರುದಿನ ಕಡ್ಡಿಯಿಂದ ಕದಡಿದಾಗ ಗುಳ್ಳೆ ಏಳದಿದ್ದರೆ ಬಣ್ಣ ಸಿದ್ಧ. ಲ್ಯಾಕರ್ ತಿನ್ನರ್ ಸೇರಿಸಿ ಹಾಲಿನಷ್ಟು ತೆಳುವಾಗಿಸಿ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಹೊಡೆದರೆ ಅದೇ ಆಟೋ ಪೇಂಟ್ ಎಷ್ಟು ತೆಳುವಾಗಿ ಕೂರುತ್ತದೆ ಎಂದರೆ ವೈಪರ್‌ನ ಬುಡದ ತಗ್ಗು ಕೂಡ ಚೂಪಾಗಿ ಉಳಿಯುತ್ತದೆ. ಹರಳು ಮಾತ್ರ ಚಿಕ್ಕದಾಗುವುದಿಲ್ಲ. ಅದಕ್ಕೆ ಏರ್‌ಬ್ರಷ್‌ನಲ್ಲಿ ಮದ್ದಿಲ್ಲ.

ಮೆಟಾಲಿಕ್ ಆದರೆ ಮಾಡೆಲ್ ಬಣ್ಣ, ಸಾಲಿಡ್ ಆದರೆ ಗ್ಯಾರೇಜಿನ ಬಣ್ಣ ಎಂಬುದು ಈಗ ನನ್ನ ರೂಢಿ. ಬಿಳಿ, ಕಪ್ಪು, ಕೆಂಪು, ಹಳದಿಗಳಲ್ಲಿ ಹರಳಿನ ತಕರಾರಿಲ್ಲ. ಟೊಯೊಟಾದ ಸೂಪರ್ ವೈಟ್, ಕೋಡ್ 040, ಆಟೋ ಪೇಂಟ್ ಅಂಗಡಿಯಲ್ಲಿ ಕಲಸಿಸಿ ತಂದು ಏರ್‌ಬ್ರಷ್‌ನಲ್ಲಿ ಹೊಡೆದರೆ ಯಾವ ದುಬಾರಿ ಡಬ್ಬಿಗೂ ಕಡಿಮೆಯಿಲ್ಲ. ಆಟೋ ಬಣ್ಣದಲ್ಲಿ ವರ್ಣದ್ರವ್ಯ ದಂಡಿಯಾಗಿರುತ್ತದೆ, ಬೇಗ ಮುಚ್ಚುತ್ತದೆ, ಅಂದರೆ ಕಡಿಮೆ ಕೋಟ್ ಸಾಕು. ಕೆಂಪಿಗೆ ಮಾತ್ರ ಎರಡು ಎಚ್ಚರ. ಕೆಂಪು ಪ್ಲಾಸ್ಟಿಕ್‌ನಲ್ಲೇ ಎರಕ ಹೊಯ್ದ ಬಾಡಿಯಾದರೆ ಅದರ ಬಣ್ಣ ಮೇಲಿನ ಬಿಳಿಗೆ ಇಳಿದು ದಿನ ಕಳೆದಂತೆ ಗುಲಾಬಿ ಮಾಡುತ್ತದೆ, ನಡುವೆ ಬೆಳ್ಳಿ ಬಣ್ಣದ ತಡೆ ಪದರ ಹಾಕಬೇಕು. ಎರಡನೆಯದು, ಬೂದು ಪ್ರೈಮರ್ ಮೇಲೆ ಕೆಂಪು ಮಂಕಾಗುತ್ತದೆ. ಗುಲಾಬಿ ಅಥವಾ ಬಿಳಿ ಪ್ರೈಮರ್ ಮೇಲಾದರೆ ಕೆಂಪಿಗೆ ಜೀವ ಬರುತ್ತದೆ. ಹಳದಿಗೂ ಇದೇ ಮಾತು.

ಮತ್ತೆ ಆ ಬೂದು ಸ್ಕೈಲೈನ್‌ಗೆ ಏನು ಮಾಡುವುದು? ಟಮಿಯಾದ ಗನ್ ಮೆಟಲ್, ಟಿಎಸ್-38, ಹರಳು ನುಣ್ಣಗಿದೆ, ಆದರೆ ಕೆಎಚ್2 ಅಲ್ಲ. ನಾನು ಬಣ್ಣವನ್ನು ಕಣ್ಣಳತೆಯಲ್ಲೇ ಕಲಸುತ್ತೇನೆ. ಮಿಸ್ಟರ್ ಕಲರ್‌ನಂಥ ಲ್ಯಾಕರ್ ಸೀಸೆಗಳ ನುಣ್ಣನೆಯ ಬೆಳ್ಳಿ, ಕಪ್ಪು, ತುಸು ನೀಲಿ. ಪಕ್ಕದಲ್ಲಿ ಹಗಲು ಬೆಳಕಿನಲ್ಲಿ ತೆಗೆದ ಆ ಕಾರಿನ ಚಿತ್ರಗಳು, ಒಂದಲ್ಲ, ಬೇರೆ ಬೇರೆ ಹೊತ್ತಿನವು. ಬೇಡದ ಬಂಪರ್ ಮೇಲೆ ಹೊಡೆದು, ಮೇಲೊಂದು ಕ್ಲಿಯರ್ ಕೊಟ್ಟು, ಬಾಲ್ಕನಿಗೆ ಒಯ್ದು ಚಿತ್ರದ ಪಕ್ಕ ಹಿಡಿಯುವುದು. ಕ್ಲಿಯರ್ ಕೊಡದೆ ನೋಡಿದ ಬಣ್ಣಕ್ಕೆ ಬೆಲೆಯಿಲ್ಲ, ಅದು ಹೊಳಪಿನ ಕೆಳಗೆ ಬದಲಾಗೇ ಬದಲಾಗುತ್ತದೆ. ಮೆಟಾಲಿಕ್ ಪದರವನ್ನು ವಾಟರ್ ಪೇಪರಿನಿಂದ ಉಜ್ಜಲೂಬಾರದು. ಮಲಗಿದ್ದ ಹರಳುಗಳು ಕಿತ್ತು ಬಂದು ಅಲ್ಲಷ್ಟೇ ಕಪ್ಪು ಮಚ್ಚೆ ಕಾಣುತ್ತದೆ. ಕೊನೆಯ ಕೋಟನ್ನು ಸ್ವಲ್ಪ ದೂರದಿಂದ, ಒಣಗಲಾಗಿ ಹೊಡೆದರೆ ಹರಳು ಎಲ್ಲ ಕಡೆ ಒಂದೇ ಸಮ ಕೂರುತ್ತದೆ. ಬ್ರಿಟನ್ನಿನ ಜೀರೋ ಪೇಂಟ್ಸ್‌ನಂಥವರು ಅಸಲಿ ಕಾರುಗಳ ಕೋಡ್‌ಗೆ ಹೊಂದುವ ಬಣ್ಣಗಳನ್ನು ಏರ್‌ಬ್ರಷ್‌ಗೆಂದೇ ತೆಳುವಾಗಿಸಿ ಮಾರುತ್ತಾರೆ. ಅಲ್ಲಿ ಇರುವ ಕನ್ನಡಿಗ ಹವ್ಯಾಸಿಗಳಿಗೆ ಅದು ಸುಲಭದ ದಾರಿ. ವಿಮಾನದ ಅಡ್ಡಿ ನಮಗೆ ಅಲ್ಲೂ ತಪ್ಪಿದ್ದಲ್ಲ.

ಮಳೆಗಾಲದ ವಿಷಯ ಹೇಳಲೇಬೇಕು. ಲ್ಯಾಕರ್ ಬೇಗ ಆರುವಾಗ ಬಾಡಿಯ ಮೇಲ್ಮೈ ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅಲ್ಲೇ ಹನಿಗಟ್ಟಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ, ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗೆ ಮಾಸುತ್ತದೆ. ಕಪ್ಪು ಬಣ್ಣದ ಮೇಲೆ ಇದು ಎದ್ದು ಕಾಣುತ್ತದೆ. ಬೆಂಗಳೂರಿನಲ್ಲಿ ಜುಲೈ, ಆಗಸ್ಟ್‌ನಲ್ಲಿ ನಾನು ಕಪ್ಪು ಮುಟ್ಟುವುದಿಲ್ಲ, ಕ್ಲಿಯರ್ ಕೂಡ ಇಲ್ಲ. ಆ ತಿಂಗಳುಗಳು ಚಕ್ರ, ಸೀಟು, ಎಂಜಿನ್ನಿಗೆ. ಬಾಡಿಯ ಬಣ್ಣ ಸಂಕ್ರಾಂತಿ ಕಳೆದ ಮೇಲೆ, ಹವೆ ಒಣಗಿರುವಾಗ. ಮಂಗಳೂರು, ಕಾರವಾರದ ಕಡೆಯವರಿಗೆ ಈ ಅನುಕೂಲ ಕಡಿಮೆ. ಅವರು ನಿಧಾನವಾಗಿ ಆರಿಸುವ ರಿಟಾರ್ಡರ್ ತಿನ್ನರ್ ಸೇರಿಸಿ ಏರ್‌ಬ್ರಷ್ ಹಿಡಿಯುವುದು ಒಳ್ಳೆಯದು. ಮಾಸಿದ್ದರ ಮೇಲೂ ಒಣ ಹವೆಯ ದಿನ ರಿಟಾರ್ಡರ್ ಬೆರೆಸಿದ ತಿನ್ನರನ್ನು ಮಂಜಿನಂತೆ ಹೊಡೆದರೆ ಪದರ ಕರಗಿ ತೇವ ಹೊರಹೋಗಿ ಬಣ್ಣ ಮರಳುತ್ತದೆ. ಲ್ಯಾಕರಿನ ಗುಣವೇ ಇಲ್ಲಿ ನೆರವಿಗೆ ಬರುವುದು.

ಪಿಯು ಬಗ್ಗೆ ಹೇಳುವಾಗ ನನ್ನ ದನಿ ಗಟ್ಟಿಯಾಗುತ್ತದೆ. ಟು-ಕೆ ಕ್ಲಿಯರ್ ಎಂದೂ ಸಿಗುತ್ತದೆ, ಕೆಲವು ಡಬ್ಬಿಗಳ ತಳದ ಗುಂಡಿ ಒತ್ತಿದರೆ ಒಳಗಿನ ಹಾರ್ಡ್‌ನರ್, ಅಂದರೆ ಗಟ್ಟಿಯಾಗಿಸುವ ದ್ರವ, ಒಡೆದು ಬೆರೆಯುತ್ತದೆ. ಆಮೇಲೆ ಒಂದೆರಡು ದಿನದೊಳಗೆ ಬಳಸಿ ಮುಗಿಸಬೇಕು. ಅದರ ಹೊಳಪಿಗೆ ಸಾಟಿಯಿಲ್ಲ, ಉಜ್ಜುವ ಕೆಲಸವೇ ಬೇಡ ಅನ್ನುವಷ್ಟು ನೀಟಾಗಿ ಹರಡುತ್ತದೆ. ಆದರೆ ಆ ಹಾರ್ಡ್‌ನರ್ ಐಸೊಸಯನೇಟ್. ಉಸಿರಿನಲ್ಲಿ ಹೋದರೆ ಅಸ್ತಮಾ ತರುತ್ತದೆ, ಒಮ್ಮೆ ದೇಹಕ್ಕೆ ಒಗ್ಗದಂತಾದರೆ ಮುಂದೆ ತೀರಾ ಸ್ವಲ್ಪವೂ ತಡೆಯುವುದಿಲ್ಲ. ಕೋವಿಡ್ ಕಾಲದ ಎನ್95 ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಲ್ಯಾಕರಿಗೂ ಇದ್ದಿಲು ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಪಿಯುಗೆ ಅದೂ ಸಾಲದು, ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಉಪಕರಣವಿರುವ ಬೂತ್‌ನಲ್ಲೇ ಆ ಕೆಲಸ ಆಗಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಪಕ್ಕದ ಕೋಣೆಯಲ್ಲಿ ಮಗು ಮಲಗಿರುವಾಗ ಅದನ್ನು ಹೊಡೆಯುವವರ ವಿಡಿಯೊಗಳನ್ನು ನೋಡಿದರೆ ಸಂಕಟವಾಗುತ್ತದೆ. ಹೊಳಪು ಬೇಕಾದರೆ ಟಿಎಸ್-13 ಕ್ಲಿಯರ್ ಇದೆ, ಆಟೋ ಅಕ್ರಿಲಿಕ್ ಕ್ಲಿಯರ್ ಇದೆ. ಮೂಗಿನ ಹತ್ತಿರ ಹಿಡಿದಾಗ ತಿನ್ನರ್ ವಾಸನೆ ಪೂರ್ತಿ ಹೋಗುವವರೆಗೆ ಬಿಟ್ಟು, 2000 ನಂಬರಿನ ವಾಟರ್ ಪೇಪರಿನಿಂದ ಶುರುಮಾಡಿ ಇನ್ನೂ ನುಣ್ಣನೆಯದಕ್ಕೆ ಹೋಗಿ, ಅಂಚುಗಳನ್ನು ಮುಟ್ಟದೆ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬಾನೆಟ್ ಮೇಲೆ ನೆಟ್ಟಗೆ ಬೀಳುತ್ತದೆ. ಅದಕ್ಕೆ ಬೇಕಾದದ್ದು ತಾಳ್ಮೆ, ಶ್ವಾಸಕೋಶದ ಬಲಿಯಲ್ಲ.

ಇಷ್ಟೆಲ್ಲ ತಡೆ, ಎಚ್ಚರ ಪ್ಲಾಸ್ಟಿಕ್ ಕಿಟ್‌ಗೆ. ಲೋಹದ ಡೈಕಾಸ್ಟ್ ಕಾರಿನ ಬಣ್ಣ ಕಿತ್ತು ಹೊಸದಾಗಿ ಹಾಕುವವರಿಗೆ ಆಟೋ ಸ್ಪ್ರೇ ತವರುಮನೆ ಇದ್ದಂತೆ. ಸತು ಮಿಶ್ರಲೋಹಕ್ಕೆ ತಿನ್ನರಿನ ಭಯವಿಲ್ಲ, ಲೋಹಕ್ಕೆ ಹಿಡಿಯುವ ಪ್ರೈಮರ್ ಒಂದಿದ್ದರೆ ಸಾಕು. ನಮ್ಮ ರಸ್ತೆಯ ಕಾರುಗಳು ಪ್ಲಾಸ್ಟಿಕ್ ಕಿಟ್‌ಗಳಾಗಿ ಬಂದದ್ದು ತೀರಾ ಅಪರೂಪ, ಹಾಗಾಗಿ ಅಂಬಾಸಿಡರ್, ಪದ್ಮಿನಿ ಬೇಕೆಂದವರು ಹೆಚ್ಚಾಗಿ ಬರುವುದು ಡೈಕಾಸ್ಟ್ ಕಡೆಗೇ. ಪದ್ಮಿನಿ ಮೂಲದಲ್ಲಿ ಇಟಲಿಯ ಫಿಯಟ್ 1100 ಡಿ. ಅದರ 1:43 ಲೋಹದ ಮಾಡೆಲ್ ಸಿಕ್ಕರೆ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಮಾಡಬಹುದು. ಎರಡೂ ಸಾಲಿಡ್ ಬಣ್ಣ, ಎರಡೂ ಎನ್‌ಸಿಯಲ್ಲಿ ಯಾವ ಊರಲ್ಲೂ ಸಿಗುತ್ತವೆ. ಬಿಳಿ ಪ್ರೈಮರ್ ಮೇಲೆ ಮೊದಲು ಚಾವಣಿಗೆ ಹಳದಿ, ಯಾಕೆಂದರೆ ಹಳದಿ ಕಪ್ಪನ್ನು ಮುಚ್ಚಲಾರದು. ಎರಡು ದಿನ ಬಿಟ್ಟು ಚಾವಣಿಯನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ, ಟೇಪಿನ ಅಂಚಿಗೆ ಮತ್ತೆ ಒಂದೆಳೆ ಹಳದಿಯನ್ನೇ ಹೊಡೆದು ಸಂದು ಕಟ್ಟಿ, ಆಮೇಲೆ ಕೆಳಗೆಲ್ಲ ಕಪ್ಪು. ಅಳತೆ 1:43 ಆದ್ದರಿಂದ ಪದರ ಇನ್ನೂ ತೆಳುವಿರಬೇಕು. ಅಲ್ಲಿ ಅಸಲಿ ಕಾರಿನಷ್ಟು ಬಣ್ಣ ಹಾಕಿದರೆ ನಾಲ್ಕು ಮಿಲಿಮೀಟರಿಗೂ ಮೇಲಾಯಿತು. ಟ್ಯಾಕ್ಸಿಗೆ ಕನ್ನಡಿಯಂಥ ಹೊಳಪೂ ಸಲ್ಲದು. ಕಪ್ಪಿನ ಮೇಲೆ ಕ್ಲಿಯರ್ ಬಿಟ್ಟುಬಿಡಿ, ಎನ್‌ಸಿಯ ಸಹಜ ಹೊಳಪೇ ಮುಂಬೈಯ ಬಿಸಿಲು ಮಳೆ ಕಂಡ ಕಾರಿಗೆ ಸರಿಹೊಂದುತ್ತದೆ.